ಪಡುವಣ ಗೋಡೆಯ ತೊಂಡೆಬಳ್ಳಿ

ಭಾನುವಾರ, ಬೆಳಗ್ಗೆ ಆರೂವರೆ. ಚಿತ್ರದುರ್ಗದ ನಮ್ಮ ಮನೆಯ ಹಿತ್ತಲು. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಪಡುವಣ ಗೋಡೆ. ಗೋಡೆಯನ್ನೂ ಸೇರಿಸಿದ್ದೇಕೆಂದರೆ, ಹಿಂದಿನ ಸಂಜೆಯ ಬಿಸಿ ಅದರಲ್ಲಿ ಇನ್ನೂ ಕುಂತಿತ್ತು. ಅದರ ಒಳಮಗ್ಗುಲಿಗೇ ನಮ್ಮ ಮಂಚ. ಆ ಬೇಸಿಗೆ ಅವಳು ಮಂಚ ಬಿಟ್ಟು ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದಳು. ಬೆಳಗ್ಗೆ ಮಂಡಿನೋವಿಗೆ ಕಂಬ ಹಿಡಿದು ಏಳುತ್ತಿದ್ದಳು. ಗೋಡೆಗೊಂದು ಬಳ್ಳಿ ಬೇಕೆಂಬುದು ತೀರ್ಮಾನವಾಗಿತ್ತು. ಯಾವುದೆಂಬುದು ಆಗಿರಲಿಲ್ಲ.

"ಕಾಗದದ ಹೂವು ಹಾಕೋಣ. ಬಿಸಿಲಿಗೆ ಹೆದರೋದಿಲ್ಲ, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತೆ," ಎಂದೆ.

"ಅದರ ಮುಳ್ಳು ಯಾರು ಗುಡಿಸ್ತಾರ್ರಿ? ಗೋಡೆಗೆ ಮೊಳೆ ಹೊಡೀಬಾರದು, ಅಷ್ಟೇ ನಿಮಗೆ."

ನಿಜ. ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿದ್ದೆ. ಮಲ್ಲಿಗೆಯನ್ನು ಅವಳೇ ತಳ್ಳಿಹಾಕಿದಳು: "ಹೂವೇನೋ ಚೆನ್ನ. ನೆರಳು ಎಲ್ಲೈತೆ?" ಆಮೇಲೆ ಪಕ್ಕದ ಮನೆಯ ಫಾತಿಮಾಬಿ ಕೊಟ್ಟ ತೊಂಡೆಕಡ್ಡಿಗಳನ್ನು ಒದ್ದೆಬಟ್ಟೆಯಿಂದ ಬಿಚ್ಚಿಟ್ಟಳು. ಒಂದರ ತುದಿಯಲ್ಲಿ ಉಳಿದಿದ್ದ ಎಲೆಯನ್ನು ಹಿಸುಕಿ ಮೂಸಿದೆ. ಅಷ್ಟಕ್ಕೇ ನಾನು ಹುಡುಗನಾಗಿದ್ದಾಗಿನ ಮಾರಿಕಣಿವೆಯ ಅಣೆಕಟ್ಟೆಗೆ ಹೋಗಿಬಿಟ್ಟೆ.

ಸ್ವಾತಂತ್ರ್ಯ ಬಂದ ಹೊಸದು. ಅಪ್ಪ ನಾಲೆಯ ಕೆಲಸದಲ್ಲಿದ್ದರು. ಸರ್ಕಾರಿ ಮನೆಯ ಗೋಡೆಗೆ ಏನೂ ಹಬ್ಬಿಸಬಾರದು ಎಂಬುದು ನಿಯಮ. ಅಪ್ಪನಿಗೆ ನಿಯಮ ಊಟಕ್ಕಿಂತ ಮೊದಲು. ಆದರೆ ತೊಟ್ಟಿಲಲ್ಲಿದ್ದ ತಮ್ಮನ ಬೆನ್ನೆಲ್ಲ ಬೆವರುಸಾಲೆ. ಅಮ್ಮ ಸೂರಿನ ತೊಲೆಯಿಂದ ಹಗ್ಗ ಇಳಿಬಿಟ್ಟು ಅದಕ್ಕೆ ತೊಂಡೆ ಹಬ್ಬಿಸಿದಳು. ಮೇಲುಗಡೆ ಜಾರುಗಂಟು. ಸಾಹೇಬರು ತಪಾಸಣೆಗೆ ಬರುವ ಬೆಳಗ್ಗೆ ಗಂಟು ಎಳೆದರೆ ಬಳ್ಳಿ ಹಗ್ಗದ ಸಮೇತ ಕೆಳಗಿಳಿಯುತ್ತಿತ್ತು. ನಾನೂ ಅಕ್ಕನೂ ಕೈಯೊಡ್ಡಿ ನಿಲ್ಲಬೇಕು.

"ಮೆತ್ತಗೆ ಹಿಡೀರ್ಲೇ! ಬಳ್ಳಿ ಮುರಿದ್ರೆ ನಿಮ್ಮ ಕಿವಿ ಕಿತ್ತು ಅಲ್ಲೇ ನೆಡ್ತೀನಿ!"

ಅಪ್ಪ ಆ ಹೊತ್ತಿಗೆ ಸರಿಯಾಗಿ ಅತ್ತ ತಿರುಗಿ ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

ಒಂದು ಸಲ ಬಿಸಿಲೇರಿದ ಮೇಲೆ ಬಂದ ಸಾಹೇಬರು ಅಂಗಳದಲ್ಲೇ ನಿಂತುಬಿಟ್ಟರು. "ಏನಮ್ಮ, ತೊಂಡೆಬಳ್ಳಿ ನೆಲದ ಮೇಲೆ ಮಲಗಿದೆಯಲ್ಲ?"

"ಈಗ ತಾನೇ ಮಲಗೈತೆ ಸ್ವಾಮಿ," ಎಂದುಬಿಟ್ಟಳು ಅಮ್ಮ. ಅಪ್ಪನಿಗೆ ಕೆಮ್ಮು ಬಂತು. ಸಾಹೇಬರು ಗೋಡೆಗೆ ಅಂಗೈ ಇಟ್ಟು, ಚುರುಕ್ಕೆಂದು ತೆಗೆದರು. ಒಳಗೆ ತಮ್ಮ ಅಳುತ್ತಿದ್ದ.

"ನನ್ನ ಜೀಪು ಸೇತುವೆ ದಾಟಲಿ. ಆಮೇಲೆ ಎಬ್ಬಿಸಿ," ಎಂದರು.

ಜೀಪು ದಾಟಿತು. ಅಂದು ಹಗ್ಗ ಎಳೆದು ಬಳ್ಳಿಯನ್ನು ಮತ್ತೆ ಮೇಲೇರಿಸಿದವರು ಅಪ್ಪ, ಪಾಲಿಶ್ ಮೆತ್ತಿದ ಕೈಯಲ್ಲೇ.

ಇಷ್ಟನ್ನೂ ಕೇಳಿದ ಹೆಂಡತಿ, "ಈ ಮನೆ ಸಾಹೇಬ್ರು ಏನಂತಾರೆ?" ಎಂದಳು. ನಾನು ಒಳಗೆ ಹೋಗಿ ಸುತ್ತಿಗೆ ತಂದೆ. "ಮೊಳೆ ಎಲ್ಲಿ ಹೊಡೀಬೇಕು, ತೋರಿಸು."

ಹೊಸ ಸುಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಉದುರಲಿ ಎಂದುಕೊಂಡೆ, ಆದರೂ ಕಣ್ಣು ಎರಡು ಸಲ ಪೊರಕೆ ಹುಡುಕಿತು. ಕಡ್ಡಿ ನೆಟ್ಟು ನೀರು ಹೊಯ್ದೆವು. ಬಳ್ಳಿ ಮೇಲೇರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅವಳು ಚಾಪೆಯ ಮೇಲೆ ಮಲಗುವುದು ಬೇಡವೆಂದು, ಇದ್ದಲ್ಲಿಂದ ಕದಲಬಾರದೆಂದು ನಾನೇ ಹೇಳುತ್ತಿದ್ದ ಮಂಚವನ್ನು ಪಡಸಾಲೆಗೆ ತಂದು ಹಾಕಿದೆವು.

ಸಂಜೆ ಮೊಳೆಗಳಿಗೆ ಕಟ್ಟಲು ಒಂದೇ ಹಗ್ಗ ಉಳಿದಿತ್ತು. ಕೈ ತಾನಾಗಿಯೇ ಜಾರುಗಂಟು ಹಾಕಿತು. ಅದನ್ನು ಬಿಚ್ಚಿ, ಗಟ್ಟಿಗಂಟು ಬಿಗಿದು, ಏಣಿ ಇಳಿದೆ.