ಕೆಂಡದ ಮೇಲಿನ ಎರಡು ಬಂಗುಡೆ

ನನ್ನ ಯಜಮಾನರು ದೇವದಾಸ್ ಅವರಿಗೆ ದೇವರು ಧಾರಾಳವಾಗಿ ಕೊಟ್ಟದ್ದು ಗಂಟಲು ಒಂದನ್ನೇ. ಕುಂದಾಪುರದ ಹತ್ತಿರದ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಹದಿನೆಂಟನೆಯ ವಯಸ್ಸಿಗೆ ಮರಾಠಿ ಸೀಮೆಯ ಠಾಣೆ ಪಟ್ಟಣಕ್ಕೆ ಬಂದು, ರೈಲ್ವೆ ಸ್ಟೇಷನ್ ಹತ್ತಿರ ಹಯಗ್ರೀವ ರಾಯರ ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲಾಯರ್ ಆದರು. ಆರು ಟೇಬಲಿನ ಆರ್ಡರನ್ನು ಬರೆದುಕೊಳ್ಳದೆ ಒಂದೇ ಉಸಿರಿನಲ್ಲಿ ಅಡಿಗೆಮನೆಗೆ ಕೂಗುತ್ತಿದ್ದರಂತೆ. ಆಮೇಲೆ ಘಣಸೋಲಿ ಕಡೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಪ್ಪತ್ತೇಳು ವರ್ಷ ದುಡಿದು ನಿವೃತ್ತರಾದರು. ಗಂಟಲು ಮಾತ್ರ ನಿವೃತ್ತವಾಗಲಿಲ್ಲ.

ಅದನ್ನು ಕರ್ತನ ಕೆಲಸಕ್ಕೆ ಕೊಟ್ಟರು. ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ ನಮ್ಮದು ಒಂದು ಕೋಣೆಯ ಮನೆ. ಅಲ್ಲಿಂದ ಬೆಳಿಗ್ಗೆ ಹೊರಟರೆ ಗುಡ್ಡದ ಮೇಲಿನ ಮನೆಮನೆಗೂ ಹೋಗಿ, ಕಾಯಿಲೆಯವರ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಆಸ್ಪತ್ರೆಯ ಸಾಲಿನಲ್ಲಿ ಬೇರೆಯವರ ಚೀಟಿ ಹಿಡಿದು ನಿಲ್ಲುತ್ತಿದ್ದರು. ಇದೆಲ್ಲ ಒಳ್ಳೆಯದೇ. ಆದರೆ ಪ್ರಾರ್ಥನೆ ಮಾತ್ರ ಆರ್ಡರ್ ಕೂಗಿದ ಹಾಗೆಯೇ ಇತ್ತು. ನಂಬಿಕೆ, ನಿರೀಕ್ಷೆ, ಪ್ರೀತಿ ಎಂದರೆ ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ ಎಂದಂತೆ ಕೇಳುತ್ತಿತ್ತು. ಪಕ್ಕದ ಓಣಿಯ ಚಂದ್ರಬಾಯಿ ಒಮ್ಮೆ ಜ್ವರದಲ್ಲಿ ಮಲಗಿದ್ದವಳು, ಇವರು ಆಮೆನ್ ಎಂದ ಕೂಡಲೇ ಕಣ್ಣು ಬಿಟ್ಟು, "ಮಲಾ ಕಾಯ್ ನಕೋ, ಫಕ್ತ ಪಾಣಿ" ಎಂದಳು. ನನಗೇನೂ ಬೇಡ, ನೀರು ಮಾತ್ರ ಎಂದು. ನೀರು ಕೊಟ್ಟು ಬಂದರು.

ನಮ್ಮ ಕನ್ನಡ ಸಭೆ ಠಾಣೆಯ ಒಂದು ಶಾಲೆಯ ಕೋಣೆಯಲ್ಲಿ ಭಾನುವಾರ ಸೇರುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಸಾಕ್ಷಿ ಹೇಳುವ ರೂಢಿ ಉಂಟು. ತಾನು ಮೊದಲು ಎಂಥ ಪಾಪಿಯಾಗಿದ್ದೆ, ಯೇಸುಸ್ವಾಮಿ ಹೇಗೆ ಮೇಲೆತ್ತಿದರು ಎಂದು ಎಲ್ಲರ ಮುಂದೆ ನಿಂತು ಹೇಳಬೇಕು. ಕೆಲವರ ಹತ್ತಿರ ದೊಡ್ಡ ಪಾಪಗಳಿದ್ದವು. ಕುಡಿತ, ಮಟ್ಕಾ, ಹೊಡೆದಾಟ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮವರ ಹತ್ತಿರ ಇದ್ದದ್ದು ಬೀಡಿ. ಅದೂ ದಿನಕ್ಕೆ ನಾಲ್ಕು. ವರ್ಷ ಹೋದ ಹಾಗೆ ಆ ನಾಲ್ಕು ಬೀಡಿ ಬೆಳೆದು ದಿನಕ್ಕೆ ಮೂರು ಕಟ್ಟು ಆಯಿತು.

"ಕಟ್ಟು ಎಲ್ಲಿಂದ ಬಂತು?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ನಾಲ್ಕು ಬೀಡಿಗೆ ಯಾರು ಅಳ್ತಾರೆ ಮಾರಾಯ್ತಿ?"

"ಅಳಿಸ್ಲಿಕ್ಕೆ ನಿಮ್ಮತ್ರ ಬೇರೆ ಪಾಪ ಇಲ್ವಾ?"

ನಾನು ಕೇಳಿದ್ದು ತಮಾಷೆಗೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಎರಡು ಸಾವಿರದ ಹದಿನೈದರಲ್ಲಿ ಸಭೆಯ ಹಿರಿಯರು ಘಣಸೋಲಿಗೆ ಒಬ್ಬ ಮಿಷನರಿಯನ್ನು ಕಳುಹಿಸಬೇಕೆಂದು ತೀರ್ಮಾನಿಸಿದರು. ಅಲ್ಲಿ ಹಳೆಯ ಊರಿನಲ್ಲೂ ಹೊಸ ಸೆಕ್ಟರುಗಳಲ್ಲೂ ಕೂಲಿಗೆ ಬಂದ ಕನ್ನಡದ ಜನ ಬಹಳ. ಎಲ್ಲರೂ ಹೇಳಿದ್ದು ನಮ್ಮವರ ಹೆಸರನ್ನೇ. ಕಳುಹಿಸುವ ಮೊದಲು ಸತ್ಯವೇದದ ಒಂದು ಭಾಗ ಓದಿಸಿ, ಅದರ ಮೇಲೆ ಪ್ರಸಂಗ ಮಾಡಿಸುವುದು ಪದ್ಧತಿ. ಈಸ್ಟರ್ ಕಳೆದ ಮರು ಭಾನುವಾರಕ್ಕೆ ನಿಶ್ಚಯವಾಯಿತು. ಯಾವ ಭಾಗ ಎಂಬುದನ್ನು ಪಾದ್ರಿಗಳೇ ಹೇಳಿದರು. ಬೆಂಕಿ ಕಾಯಿಸಿಕೊಳ್ಳುತ್ತ ನಿಂತು ತನ್ನ ಗುರುವನ್ನು ಮೂರು ಸಲ ಅರಿಯೆನೆಂದ ಪೇತ್ರನನ್ನು, ಯೇಸುಸ್ವಾಮಿ ಮರಣದಿಂದ ಎದ್ದುಬಂದ ಮೇಲೆ ಸರೋವರದ ದಡದಲ್ಲಿ ಮಾತಾಡಿಸುತ್ತಾರಲ್ಲ, ಆ ಭಾಗ.

ಓದಲು ಶುರುಮಾಡಿದಾಗ ಕಿಟಕಿಯ ಗಾಜು ಅದುರುವಷ್ಟು ಸ್ವರ ಇತ್ತು. ದಡದಲ್ಲಿ ಕೆಂಡ ಇತ್ತು, ಕೆಂಡದ ಮೇಲೆ ಮೀನು ಇತ್ತು ಎಂಬಲ್ಲಿಗೆ ಬಂದಾಗ ಸ್ವರ ನಿಂತಿತು. ಫ್ಯಾನು ತಿರುಗುವುದು ಕೇಳಿಸಿತು. ನಮ್ಮವರು ಸತ್ಯವೇದ ಮುಚ್ಚಿ, "ನನ್ನನ್ನು ಕಳುಹಿಸಬೇಡಿ" ಎಂದು ಹೇಳಿ ಬೆಂಚಿನ ಮೇಲೆ ಕುಳಿತುಬಿಟ್ಟರು. ಬಿ.ಪಿ. ಇಳಿದಿರಬೇಕೆಂದು ಯಾರೋ ಸಕ್ಕರೆ ನೀರು ತಂದರು. ಅದನ್ನೂ ಕುಡಿದರು.

ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು.

"ವಿಮಲಾ, ನಾನು ಮೀನು ಸುಟ್ಟಿದ್ದೇನೆ."

"ಮೀನು ಸುಡದ ಕುಂದಾಪುರದವರು ಯಾರಿದ್ದಾರೆ?"

"ರಾಯರ ಹೋಟೆಲಿನ ಭಟ್ರ ಅಡಿಗೆಮನೆಯಲ್ಲಿ."

ಆಮೇಲೆ ನಾನು ತಮಾಷೆ ಮಾಡಲಿಲ್ಲ.

ಅದು ಎಂಬತ್ತೆರಡನೆಯ ಇಸವಿ, ನಮ್ಮ ಮದುವೆಗೆ ನಾಲ್ಕು ವರ್ಷ ಮೊದಲು. ಊರಿನಿಂದ ಬಂದವರ ಕೈಯಲ್ಲಿ ಅತ್ತೆಯವರು ಪೇಪರಿನಲ್ಲಿ ಕಟ್ಟಿ ಒಣ ಬಂಗುಡೆ ಕಳುಹಿಸಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿನಲ್ಲಿ ಗಿರಾಕಿ ಇರುವುದಿಲ್ಲ. ಕೆಲಸದವರು ಅಟ್ಟದಲ್ಲಿ ಮಲಗುತ್ತಾರೆ. ಅಡಿಗೆಯ ಲಕ್ಷ್ಮೀಕಾಂತ ಭಟ್ಟರು ಕಾಗದ ಹಾಕಲು ಪೋಸ್ಟಿಗೆ ಹೋಗಿದ್ದರು. ಹಿಂದಿನ ಅಂಗಳದಲ್ಲಿ ಧಾರವಾಡ ಕಡೆಯ ಮಹಾದೇವಪ್ಪ ಒಬ್ಬರೇ ದೋಸೆ ಹಿಟ್ಟು ರುಬ್ಬುತ್ತಿದ್ದರು. ಇವರು ಮೆಲ್ಲಗೆ ಅಟ್ಟದಿಂದ ಇಳಿದು, ಒಲೆಯ ಕೆಂಡದ ಮೇಲೆ ಬಂಗುಡೆ ಸುಟ್ಟು ತಿಂದು, ಮುಳ್ಳನ್ನು ಜೇಬಿಗೆ ಹಾಕಿಕೊಂಡು, ಮತ್ತೆ ಹತ್ತಿ ಮಲಗಿದರು.

"ಎಷ್ಟು ಬಂಗುಡೆ?"

"ಒಂದು."

ನಾನು ಅವರನ್ನೇ ನೋಡುತ್ತ ಕುಳಿತೆ.

"ಎರಡು," ಎಂದರು.

ಅವತ್ತು ಏಕಾದಶಿ. ಕಾಲು ಗಂಟೆಯೊಳಗೆ ರಾಯರು ಮಠದ ಇಬ್ಬರನ್ನು ಕರೆದುಕೊಂಡು ಬಂದರು, ಸಂತರ್ಪಣೆಯ ಅಡಿಗೆ ಮಾತಾಡಲು. ವಾಸನೆಯನ್ನು ಎಲ್ಲಿ ಬಚ್ಚಿಡುವುದು? ಬಂದವರು ಮೂಗು ಮುಚ್ಚಿಕೊಂಡು ಹಾಗೆಯೇ ಹಿಂದಿರುಗಿದರು. ರಾಯರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ನಮ್ಮವರು ಗೊತ್ತಿಲ್ಲವೆಂದರು. ಅಟ್ಟದಲ್ಲಿ ಜೊತೆಯವರು ಕೇಳಿದಾಗಲೂ ಗೊತ್ತಿಲ್ಲವೆಂದರು. ಅಡಿಗೆಮನೆ ಭಟ್ಟರ ವಶದಲ್ಲಿತ್ತಾದ್ದರಿಂದ ಮಾತು ಅವರ ತಲೆಗೇ ಬಂತು. ಸಂಜೆ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು, "ದೇವದಾಸ, ನಿಂಗೆ ಎಂತಾದ್ರೂ ಗೊತ್ತುಂಟಾ?" ಎಂದು ಭಟ್ಟರೇ ಕೇಳಿದರು. ನಮ್ಮವರು ಇಲ್ಲ ಎಂದರು.

ಏಕಾದಶಿಗೆ ಮೀನು ಸುಟ್ಟ ಭಟ್ಟ ಎಂಬ ಹೆಸರು ರೈಲಿಗಿಂತ ಮುಂಚೆ ಕಲ್ಯಾಣ ಸ್ಟೇಷನ್ ಮುಟ್ಟಿತು. ಉಡುಪಿಯವರ ಯಾವ ಹೋಟೆಲಿನಲ್ಲೂ ಅವರಿಗೆ ಒಲೆ ಸಿಗಲಿಲ್ಲ. ಉಲ್ಹಾಸನಗರದ ಕಾರ್ಖಾನೆಯೊಂದರಲ್ಲಿ ಸೇವು, ಚಕ್ಕುಲಿ ಕರಿಯುವ ಕೆಲಸಕ್ಕೆ ಸೇರಿದರು.

"ಭಟ್ರು ಕ್ಷಮಿಸದೆ ನಾನು ಇನ್ನು ಪ್ರಸಂಗಕ್ಕೆ ಬಾಯಿ ತೆರೆಯುವುದಿಲ್ಲ," ಎಂದರು ನಮ್ಮವರು. ಹಿರಿಯರಿಗೂ ಹಾಗೆಯೇ ಹೇಳಿದರು. ಘಣಸೋಲಿಯ ಜಾಗವನ್ನು ಹಿರಿಯರು ಎರಡು ತಿಂಗಳು ಖಾಲಿ ಇಡಲು ಒಪ್ಪಿದರು.

ವಿಳಾಸ ಹುಡುಕಲು ನನಗೆ ಹನ್ನೊಂದು ದಿನ ಹಿಡಿಯಿತು. ಭಟ್ಟರು ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿದ್ದರು. ನಾನು ಚೀಟಿ ತಂದುಕೊಟ್ಟ ದಿನದಿಂದ ನಮ್ಮವರಿಗೆ ಹೊಸ ಹೊಸ ಕಾಯಿಲೆಯವರು ಸಿಗತೊಡಗಿದರು. ಒಂದು ಶನಿವಾರ ಯಾರದೋ ಮಂಡಿ, ಇನ್ನೊಂದು ಶನಿವಾರ ಯಾರದೋ ಕೆಮ್ಮು. ಕಳವಾ ಊರಿನ ಜನ ಅಷ್ಟು ಪ್ರಾರ್ಥನೆಯನ್ನು ಎಂದೂ ಕಂಡಿರಲಿಲ್ಲ. ನಾಲ್ಕನೆಯ ಶನಿವಾರ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಸೆರಗಿಗೆ ಕಟ್ಟಿಕೊಂಡೆ. "ಈಗ ಡೊಂಬಿವಲಿಗೆ ಹೋಗಿ ಬಂದ ಮೇಲೇ ಮನೆ," ಎಂದೆ.

ಎರಡನೆಯ ಮಾಳಿಗೆ. ನಮ್ಮವರು ಬಾಗಿಲ ಹೊರಗಿನಿಂದ, "ಭಟ್ರಿದ್ದಾರಾ?" ಎಂದರು. ಅವರ ಪ್ರಕಾರ ಅದು ಮೆಲ್ಲಗೆ.

"ದೇವದಾಸ!" ಎಂದು ಒಳಗಿನಿಂದ ಬಂತು. "ಈ ಸ್ವರ ಬೇರೆ ಯಾರಿಗೂ ಇಲ್ಲ ಮಾರಾಯ. ಬಾ ಬಾ. ನೀನು ಉಪದೇಶಿ ಆದದ್ದು ಕೇಳಿದ್ದೆ. ನನ್ನನ್ನೂ ನಿಮ್ಮಲ್ಲಿಗೆ ಸೇರಿಸ್ಲಿಕ್ಕೆ ಬಂದ್ಯಾ ಹೇಗೆ?"

"ಇಲ್ಲ ಭಟ್ರೇ. ನಾನೇ ಇನ್ನೂ ಸರಿಯಾಗಿ ಸೇರ್ಲಿಲ್ಲ."

ಭಟ್ಟರು ನೆಲದಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದರು. ನಮ್ಮವರು ಎದುರಿಗೆ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಬಂಗುಡೆ ಎರಡು ಎಂದೇ ಹೇಳಿದರು. ಚಾಕು ನಿಂತಿತು. ಭಟ್ಟರು ಅದನ್ನು ಕೆಳಗಿಟ್ಟರು.

"ಅವತ್ತು ಎಲ್ಲರೂ ನಿನ್ನ ಹೆಸರೇ ಹೇಳಿದ್ರು," ಎಂದರು. "ನಾನೇ ರಾಯರಿಗೆ ಹೇಳಿದೆ, ದೇವದಾಸ ಅಲ್ಲ, ಅವನಾದ್ರೆ ಕೇಳಿದ ಕೂಡ್ಲೇ ಒಪ್ಪಿಕೊಳ್ತಿದ್ದ ಅಂತ."

ನಮ್ಮವರು ತಲೆ ತಗ್ಗಿಸಿದರು. "ಕ್ಷಮಿಸಬೇಕು ಭಟ್ರೇ."

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳ್ತದೆ? ಈ ಬೀನ್ಸಿಗಾ? ನನ್ನ ಹೆಸರು ಹೋದದ್ದು ಹೋಟೆಲಿನಲ್ಲಿ. ಅಲ್ಲಿ ನಿಂತು ಹೇಳು. ಗಿರಾಕಿ ತುಂಬಿರುವಾಗ. ನಿನ್ನ ಆ ಸ್ವರದಲ್ಲಿ."

ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಠಾಣೆಯ ಆ ಹೋಟೆಲಿಗೆ ಹೋದೆವು. ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ರಾಯರ ಮಗ ಸುಶ್ರುತ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಎಪ್ಪತ್ತಾರು ವರ್ಷದ ರಾಯರು ಪೇಪರು ಓದುತ್ತಿದ್ದರು. ಒಂದು ಟೇಬಲೂ ಖಾಲಿ ಇರಲಿಲ್ಲ. ನಮ್ಮವರು ನಡುವೆ ನಿಂತು, ಮೊದಲು ಆರ್ಡರ್ ಕೂಗುತ್ತಿದ್ದ ಜಾಗದಿಂದಲೇ ಕೂಗಿದರು.

"ಎಂಬತ್ತೆರಡನೇ ಇಸವಿ ಏಕಾದಶಿಯ ದಿವಸ ಈ ಅಡಿಗೆಮನೆಯಲ್ಲಿ ಮೀನು ಸುಟ್ಟದ್ದು ಲಕ್ಷ್ಮೀಕಾಂತ ಭಟ್ರಲ್ಲ! ನಾನು, ದೇವದಾಸ!"

ಗಿರಾಕಿಗಳು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ದೋಸೆಗೆ ಕೈ ಹಾಕಿದರು. ಕನ್ನಡ ಯಾರಿಗೆ ಗೊತ್ತು? ದೊಡ್ಡ ಆರ್ಡರು ಎಂದುಕೊಂಡಿರಬೇಕು. ಸುಶ್ರುತ ಮಾತ್ರ ಗಲ್ಲೆ ಬಿಟ್ಟು ಓಡಿಬಂದ.

"ಅಂಕಲ್, ಧೀರೇ ಬೋಲೋ ನಾ! ಪ್ಯೂರ್ ವೆಜ್ ಹೋಟೆಲ್ ಹೈ!"

"ಹಿಂದಿಯಲ್ಲೂ ಹೇಳು," ಎಂದರು ಭಟ್ಟರು.

ಹಿಂದಿಯಲ್ಲೂ ಹೇಳಿದರು. ಈಗ ಚಮಚಗಳು ನಿಂತವು. ಸುಶ್ರುತ ತಲೆಗೆ ಕೈ ಹೊತ್ತುಕೊಂಡ. ಮೂಲೆಯ ಟೇಬಲಿನ ಮುದುಕಿಯೊಬ್ಬಳು, "ಕಾಯ್ ಝಾಲಂ?" ಎಂದಳು, ಏನಾಯಿತೆಂದು. ನಮ್ಮವರು ಅವಳ ಕಡೆ ತಿರುಗಿ ಮರಾಠಿಯಲ್ಲಿಯೂ ಹೇಳಿದರು. ಮೂರು ಸಲ ಆಯಿತು. ನಾನು ಎಣಿಸಿದ್ದೇನೆ. ಮುದುಕಿ ಎಲ್ಲವನ್ನೂ ಕೇಳಿ, "ಮಗ ಆತಾ ತರೀ ಭಟಾಂನಾ ಚಹಾ ದ್ಯಾ" ಎಂದಳು. ಭಟ್ಟರಿಗೆ ಈಗಲಾದರೂ ಚಾ ಕೊಡಿ ಎಂದು.

ರಾಯರು ಪೇಪರು ಮಡಚಿಟ್ಟು ಎದ್ದು ಬಂದರು. "ಭಟ್ರೇ, ನಾನೂ ಅವತ್ತು ವಿಚಾರ ಮಾಡ್ಲಿಲ್ಲ. ಸಿಟ್ಟು ಮಾತ್ರ ಮಾಡಿದೆ," ಎಂದು ಕೈ ಮುಗಿದರು. ಆಮೇಲೆ ಅಡಿಗೆಮನೆಯ ಬಾಗಿಲು ತೋರಿಸಿ, "ಒಳಗೆ ಬನ್ನಿ," ಎಂದರು. ಭಟ್ಟರು ಹೋದರು. ನಾಲ್ಕೈದು ನಿಮಿಷದ ನಂತರ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಕೊತ್ತಂಬರಿ ಸರಿ ಹುರಿಯುವುದಿಲ್ಲ ಇವರು," ಎಂದರು.

ಹೊರಗೆ ಫುಟ್‌ಪಾತಿನಲ್ಲಿ ನಮ್ಮವರು ಕೇಳಿದರು. "ಈಗ ಕ್ಷಮಿಸಿದಿರಾ ಭಟ್ರೇ?"

"ಇಲ್ಲ," ಎಂದರು ಭಟ್ಟರು. "ಹೆಸರು ವಾಪಸ್ ಬಂತು, ಸರಿ. ಸಿಟ್ಟು ಹಾಗೇ ಉಂಟು. ಎಂತ ಮಾಡುದು?" ಚಪ್ಪಲಿ ಸರಿಮಾಡಿಕೊಳ್ಳುತ್ತ ಮತ್ತೆ ಹೇಳಿದರು. "ಇನ್ನೊಂದು ಉಂಟು. ನೀನಲ್ಲ ಅಂದ್ಮೇಲೆ ನಾನು ಅವತ್ತು ಹಿಟ್ಟು ರುಬ್ಬುತ್ತಿದ್ದ ಮಹಾದೇವಪ್ಪನೇ ಅಂತ ಮಾಡಿದ್ದೆ."

"ಅಯ್ಯೋ, ಅವರು ಲಿಂಗಾಯತರಲ್ವಾ! ಮೊಟ್ಟೆಯನ್ನೂ ಮುಟ್ಟುವವರಲ್ಲ," ಎಂದೆ ನಾನು.

"ಗೊತ್ತುಂಟಮ್ಮಾ. ಸಿಟ್ಟಿಗೆ ಅದೆಲ್ಲ ಗೊತ್ತಿರ್ತದಾ? ಉಲ್ಹಾಸನಗರದಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಓಣಿಯಲ್ಲೇ ಅವನ ಹಿಟ್ಟಿನ ಗಿರಣಿ. ಅವನ ಮುಖ ಕಾಣ್ಬಾರ್ದು ಅಂತ ದಿನಾ ಸುತ್ತು ಹಾಕಿ ಹೋಗ್ತಿದ್ದೆ. ಮಗಳ ಮದುವೆಗೆ ಕರೆದ, ಹೋಗ್ಲಿಲ್ಲ." ಭಟ್ಟರು ನಮ್ಮವರ ತೋಳು ಹಿಡಿದರು. "ಈಗ್ಲೇ ಹೋಗಿ ಅವನತ್ರ ಕ್ಷಮೆ ಕೇಳ್ಬೇಕು. ನೀನೂ ಬಾ ಮಾರಾಯ. ನಿಂಗಾದ್ರೆ ಈಗ ಅಭ್ಯಾಸ ಆಗಿದೆ."

ಉಲ್ಹಾಸನಗರಕ್ಕೆ ಹೋಗಲು ಅಂಬರನಾಥ ಲೋಕಲ್ ರೈಲು ಹಿಡಿದೆವು. ಡೊಂಬಿವಲಿ ಬಂದಾಗ ಭಟ್ಟರು, ಮನೆಯಲ್ಲಿ ಮಾತ್ರೆ ಮರೆತಿದ್ದೇನೆ ಎಂದು ಎದ್ದರು. ನಮ್ಮವರು ಅವರ ಅಂಗಿ ಹಿಡಿದು ಕೂರಿಸಿದರು. "ನನಗೂ ಇಂಥ ಮಾತ್ರೆ ತುಂಬ ಇತ್ತು ಭಟ್ರೇ," ಎಂದರು.

ಗಿರಣಿ ಓಡುತ್ತಿತ್ತು. ಮಹಾದೇವಪ್ಪನವರು ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ ನಿಂತಿದ್ದರು. ಭಟ್ಟರು ಏನೋ ಹೇಳಿದರು. ಸದ್ದಿನಲ್ಲಿ ಕೇಳಿಸಲಿಲ್ಲ. ನಮ್ಮವರು ಕೂಗಿ ಹೇಳಬಹುದಿತ್ತು, ಆ ಗಂಟಲಿಗೆ ಗಿರಣಿ ಯಾವ ಲೆಕ್ಕ? ಆದರೆ ಬಾಯಿ ಬಿಗಿದು ನಿಂತರು. ಅದು ಭಟ್ಟರೇ ಹೇಳಬೇಕಾದ ಮಾತು. ನಮ್ಮ ಮದುವೆಯಾದ ಮೇಲೆ ಅವರು ಮಾತನ್ನು ಬೇರೆಯವರಿಗೆ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಹಾದೇವಪ್ಪನವರು ಗಿರಣಿ ನಿಲ್ಲಿಸಿದರು. "ಏನಂದ್ರಿ ಭಟ್ರ? ಕೇಳಸಲಿಲ್ರಿ."

ಭಟ್ಟರು ಮತ್ತೊಮ್ಮೆ ಎಲ್ಲವನ್ನೂ ಹೇಳಿದರು.

"ನಾ ಏನ್ ತಪ್ಪ ಮಾಡೀನಿ ಅಂತ ನನಗ ತಿಳೀಲೇ ಇಲ್ಲ ನೋಡ್ರಿ," ಎಂದರು ಮಹಾದೇವಪ್ಪನವರು. ಹಿಟ್ಟಿನ ಮುಖದಲ್ಲಿ ಕಣ್ಣೆರಡು ತುಂಬಿದವು. ಕೈಯ ಹಿಟ್ಟು ಕೊಡವಿಕೊಂಡು ಕೇಳಿದರು. "ಮೂವತ್ತ ವರ್ಷ ಸುತ್ತಾಕಿ ಹೋದ್ರಿ. ಕಾಲ ನೋಯಲಿಲ್ಲೇನ್ರಿ?"

"ನೋವಾಯ್ತು," ಎಂದರು ಭಟ್ಟರು.

"ಹಂಗಾರ ಸಾಕ್ರಿ. ಕುಂದರ್ರಿ." ಮಹಾದೇವಪ್ಪನವರು ಸ್ಟೂಲು ಎಳೆದು ಕೊಟ್ಟರು.

ಭಟ್ಟರು ಕೂರಲಿಲ್ಲ. ನಮ್ಮವರ ಕಡೆ ತಿರುಗಿದರು. "ದೇವದಾಸ, ನೀನು ಕೂತ್ಕೋ. ಸಿಟ್ಟು ಹೋಯ್ತು ಮಾರಾಯ. ಇಷ್ಟು ಹೊತ್ತು ಇತ್ತು, ಈಗ ಹೋಯ್ತು."

ನಮ್ಮವರು ಕುಳಿತು ಅಳತೊಡಗಿದರು. ಅಳುವೂ ಅದೇ ಸ್ವರದಲ್ಲಿ. ಹಿಟ್ಟು ಬೀಸಲು ಬಂದವರು ಡಬ್ಬಿ ಹಿಡಿದು ಓಣಿಯಲ್ಲೇ ನಿಂತರು. ಮಹಾದೇವಪ್ಪನವರು ಹೆಗಲ ಮೇಲಿದ್ದ ಟವೆಲು ಕೊಟ್ಟರು. ನಮ್ಮವರು ಮುಖ ಒರೆಸಿಕೊಂಡಷ್ಟೂ ಹಿಟ್ಟು ಮೆತ್ತಿಕೊಂಡು, ಕಣ್ಣು ಮೂಗು ಬಿಟ್ಟು ಉಳಿದದ್ದೆಲ್ಲ ಬೆಳ್ಳಗಾಯಿತು. ನಾನು ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಕಳವಾ ತನಕ ಹಾಗೆಯೇ ಬಂದರು, ರೈಲಿನಲ್ಲಿ ನೋಡಿದವರಿಗೆಲ್ಲ ನಮಸ್ಕಾರ ಮಾಡುತ್ತ. ಮರು ಭಾನುವಾರ ಸಭೆ ಅವರನ್ನು ಘಣಸೋಲಿಗೆ ಕಳುಹಿಸಿತು.