ತಿಣ್ಣೆಯ ಮೇಲೆ ಉಣ್ಣದೆ ಕೂತವನು

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಇಳಿಯದೆ ಉಳಿದ ಸಿಟ್ಟು ಒಂದೇ ಒಂದು. ಅದು ನಮ್ಮ ಮನೆಯ ತಿಣ್ಣೆಯ ಮೇಲೆ ಬಂದು ಕೂರುತ್ತಿದ್ದ ಆ ವಸೂಲಿಯವನ ಮೇಲಿನದು. ತಿಣ್ಣೆ ಎಂದರೆ ಇಲ್ಲಿ ಮೈಸೂರಿನ ಕಡೆಯವರು ಜಗಲಿ ಅನ್ನುತ್ತಾರಲ್ಲ, ಅದೇ. ಅರವತ್ತರ ದಶಕದ ಮಾತು. ಅವನ ಎಣ್ಣೆ ಹಚ್ಚಿ ಬಾಚಿದ ತಲೆ, ಕಂಕುಳಲ್ಲಿ ಅವುಚಿಕೊಂಡ ಕಪ್ಪು ಚೀಲ, ಕೂರುವ ಮೊದಲು ತೋಳಿನ ಟವೆಲಿನಿಂದ ನಮ್ಮ ತಿಣ್ಣೆಯನ್ನೇ ಎರಡು ಸಲ ಕೊಡವುತ್ತಿದ್ದ ಠೀವಿ, ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವ್ವ ದಿನಾ ಸಾರಿಸುತ್ತಿದ್ದ ತಿಣ್ಣೆ ಅದು. ಕೊಡವುವುದಕ್ಕೆ ಅಲ್ಲೇನಿತ್ತು, ಇವನ ಪಿಂಡ!

ನಮ್ಮದು ಕಂಬಂ ಪಕ್ಕದ ಊರು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಹಿರಿಯರು ಯಾವ ಕಾಲಕ್ಕೋ ಅಲ್ಲಿಗೆ ಹೋಗಿ ನೆಲ ಮಾಡಿಕೊಂಡವರು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಮೈಸೂರಿನ ಕಡೆಗೆ ಬಂದ ಮೇಲೆ. ಇದು ನಡೆದಾಗ ನನಗೆ ಹದಿನೇಳೋ ಹದಿನೆಂಟೋ, ಇನ್ನೂ ಮದುವೆಯಾಗಿರಲಿಲ್ಲ. ಎಂಟನೇ ಕ್ಲಾಸಿನವರೆಗೆ ತಮಿಳು ಓದಿದ್ದೆ, ಮನೆಗೆ ಬಂದ ಕಾಗದ ಓದುವವಳು ನಾನೊಬ್ಬಳೇ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು, ಇಷ್ಟೇ ಜನ. ಕಾಲುವೆ ನೀರಿನ ಗದ್ದೆ ಇತ್ತು, ಬಾಳೆ ಇತ್ತು, ಊಟಕ್ಕೆ ತೊಂದರೆ ಇರಲಿಲ್ಲ.

ತೊಂದರೆ ಇದ್ದದ್ದು ಅಪ್ಪನ ಹೊಟ್ಟೆಗೆ. ವರ್ಷಗಟ್ಟಲೆ ಹುಣ್ಣು. ಒಂದು ದಿನ ಗದ್ದೆಯ ಬದುವಿನ ಮೇಲೆ ರಕ್ತ ವಾಂತಿ ಮಾಡಿಕೊಂಡು ಬಿದ್ದರು. ಬಾಡಿಗೆ ಕಾರಿನಲ್ಲಿ ದಿಂಡಿಗಲ್ಲಿನ ಒಂದು ಪ್ರೈವೇಟ್ ಆಸ್ಪತ್ರೆಗೆ ಸಾಗಿಸಿದೆವು. ಆಪರೇಷನ್ ಆಯಿತು, ಬದುಕಿದರು. ಬಿಟ್ಟು ಕಳಿಸುವಾಗ ಡಾಕ್ಟರು ಅವ್ವನನ್ನು ಕರೆದು ಒಂದೇ ಮಾತು ಹೇಳಿದರು: ಹೊತ್ತಿಗೆ ಸರಿಯಾಗಿ, ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಿ. ಹೊಟ್ಟೆ ಖಾಲಿ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಅವ್ವ ಅದನ್ನು ಮಂತ್ರದ ಹಾಗೆ ಹಿಡಿದುಕೊಂಡಳು.

ಬಿಲ್ಲಿನಲ್ಲಿ ಹೆಚ್ಚಿನದನ್ನು ಅಲ್ಲೇ ಕಟ್ಟಿದ್ದೆವು. ಉಳಿದದ್ದನ್ನು ಮೂರು ಕಂತಿನಲ್ಲಿ ಕೊಡುವುದೆಂದು ಮಾತಾಯಿತು, ಅಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಕಂತು ತೆಗೆದುಕೊಂಡು ಹೋಗಲು ಆಸ್ಪತ್ರೆಯ ಕಡೆಯಿಂದ ಬಂದವನೇ ಈ ಮಹಾನುಭಾವ. ನಾವು ಮೂರು ಕಂತನ್ನೂ ಹೇಳಿದ ಹೊತ್ತಿಗೆ ಕೊಟ್ಟೆವು. ಆದರೆ ಹೇಗೆ ಕೊಟ್ಟೆವು ಗೊತ್ತೇ? ಪ್ರಾಣ ಉಳಿಸಿದವರಿಗೆ ಬರಿಗೈಯಲ್ಲಿ ದುಡ್ಡು ಚಾಚುವುದು ನಮ್ಮಲ್ಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು, ಅದರ ಮೇಲೆ ನೋಟು. ತಟ್ಟೆ ಹಿಡಿದು ಅಪ್ಪ ಬಾಗುತ್ತಿದ್ದರು, ಅವನು ದೇವರ ಹಾಗೆ ತೆಗೆದುಕೊಳ್ಳುತ್ತಿದ್ದ. ತಾಂಬೂಲ ಕೊಟ್ಟ ಕೈಯಲ್ಲೇ ರಸೀತಿ ಕೇಳುವುದುಂಟೇ? ಕೇಳಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ನಾವು ಕೇಳಲಿಲ್ಲ.

ನಾಲ್ಕನೆಯ ತಿಂಗಳು ಅವನು ಮತ್ತೆ ಬಂದ. ಕೊಟ್ಟದ್ದೆಲ್ಲ ಬಡ್ಡಿಗೆ ಹೋಯಿತು, ಅಸಲು ಹಾಗೇ ಇದೆ ಅಂದ. ಅವನ ಮಾತು ತಮಿಳು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ: "ಹೊಟ್ಟೆ ಕೊಯ್ಸಿಕೊಂಡು ದುಡ್ಡು ನುಂಗಿದವನ ಮನೆ ಇದು, ನೋಡ್ಕೊಳ್ಳಿ!" ಅದು ಸಾಲದೆಂದು, ನಾಳೆ ಎತ್ತು ಹೊಡೆದುಕೊಂಡು ಹೋಗುತ್ತೇನೆ, ಪಾತ್ರೆ ಬೀದಿಗೆ ಹಾಕುತ್ತೇನೆ, ನಿನ್ನನ್ನು ವಾಪಸ್ ಆಸ್ಪತ್ರೆಗೆ ಒಯ್ದು ಹೊಲಿಗೆ ಬಿಚ್ಚಿಸುತ್ತೇನೆ ಅಂದ. ಈಗ ನಗು ಬರುತ್ತದೆ. ಆಗ ಅವ್ವ ನಿಜವಾಗಿ ನಂಬಿ, ಅಪ್ಪನ ಅಂಗಿಯ ಗುಂಡಿ ಬಿಗಿಮಾಡಿ ಹಾಕಿದ್ದಳು.

ಕೂಗನ್ನು ತಡೆದುಕೊಳ್ಳಬಹುದಿತ್ತು. ಅವನು ಕಂಡುಕೊಂಡ ಇನ್ನೊಂದು ದಾರಿ ಇತ್ತಲ್ಲ, ಅದನ್ನು ತಡೆಯಲಾಗಲಿಲ್ಲ. ಮೊದಲ ಕಂತಿಗೆ ಬಂದ ದಿನ ಅವ್ವ ಅವನಿಗೆ ಊಟಕ್ಕೆ ಹಾಕಿದ್ದಳು. ಅವನು ಉಂಡು ಕೈ ತೊಳೆಯುವವರೆಗೆ ಮನೆಯವರು ಯಾರೂ ತಾಟು ಮುಟ್ಟಲಿಲ್ಲ. ತಿಣ್ಣೆಯ ಮೇಲೆ ಹಸಿದವನು ಕೂತಿದ್ದರೆ ಒಳಗಿನವರು ಉಣ್ಣಬಾರದು, ಅದು ನಮ್ಮ ಮನೆಗಳ ಕಟ್ಟು. ಅವನು ಅದನ್ನು ನೋಡಿ ತಲೆಯಲ್ಲಿಟ್ಟುಕೊಂಡಿದ್ದ. ಈಗ ವಾರಕ್ಕೆ ನಾಲ್ಕು ದಿನ, ಸರಿಯಾಗಿ ಊಟದ ಹೊತ್ತಿಗೆ ಬಂದು ಕೂರುತ್ತಿದ್ದ. ಊಟಕ್ಕೆ ಎಬ್ಬಿಸಿದರೆ, "ಕೊಡಬೇಕಾದ್ದು ಕೊಡಿ, ಆಮೇಲೆ ನಿಮ್ಮ ಮನೆ ನೀರು ಮುಟ್ತೀನಿ" ಎಂದು ಕಣ್ಣು ಮುಚ್ಚಿ ಗೋಡೆಗೆ ಒರಗುತ್ತಿದ್ದ. ಮೂರು ಗಂಟೆಯವರೆಗೂ ಏಳುತ್ತಿರಲಿಲ್ಲ.

ಒಳಗೆ ಮಜ್ಜಿಗೆ ಅನ್ನ ಕಲಸಿಟ್ಟದ್ದು ಹಾಗೇ ಒಣಗುತ್ತಿತ್ತು. ಅಪ್ಪ ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತಿರುತ್ತಿದ್ದರು.

"ಹಿತ್ಲಾಗ್ ಕುಂತು ಎರಡ್ ತುತ್ತು ಉಂಡ್ಬಿಡಿ, ಅವ್ನಿಗೇನ್ ತಿಳಿತದೆ?" ಎಂದು ಅವ್ವ ಕೈ ಮುಗಿದಳು.

"ಕದ್ದು ಉಂಬಕ್ಕೆ ನಾನೇನ್ ಬೆಕ್ಕಾ?" ಅಂದರು ಅಪ್ಪ.

ತಿಂಗಳೊಪ್ಪತ್ತಿನಲ್ಲಿ ಅಪ್ಪನ ಕೆನ್ನೆ ಒಳಗೆ ಹೋಯಿತು. ಹಳೆಯ ನೋವು ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಉಗುಳಿದಾಗ ಅದರಲ್ಲಿ ಕೆಂಪು ಎಳೆ ಕಂಡಿತು, ಅಪ್ಪ ಕಾಲಿನಿಂದ ಮಣ್ಣು ಮುಚ್ಚಿದರು. ನಾನು ನೋಡಿಬಿಟ್ಟಿದ್ದೆ. ನನ್ನ ಅಪ್ಪ ಹೀಗೇ ಸಾಯುತ್ತಾರೆ, ಒಬ್ಬ ಚೀಲದವನ ಮರ್ಯಾದೆಗೆ ಸಾಯುತ್ತಾರೆ ಅನ್ನಿಸಿ ಮೈಯೆಲ್ಲ ಉರಿಯಿತು. ಅಜ್ಜಿಯ ಮುಂದೆ ಹೋಗಿ ಅತ್ತೆ, ಕೂಗಾಡಿದೆ. ನಿಮ್ಮ ಕಟ್ಟು ಹಾಳಾಗಲಿ ಅಂದೆ. ಅಜ್ಜಿ ಬಯ್ಯಲಿಲ್ಲ. "ಪೆರಿಯಕುಳದಾಗ ಕೋರ್ಟ್ ಮುಂದೆ ಅರ್ಜಿ ಬರೆಯೋರ್ ಒಬ್ರವ್ರೆ. ನಿನ್ ತಾತನ್ ಪತ್ರ ಅವ್ರೇ ಬರ್ದಿದ್ದು. ನಡಿ, ಕೇಳಾನ" ಅಂದಳು.

ಮರುದಿನ ಮೊದಲ ಬಸ್ಸಿಗೆ ಹೊರಟು, ತೇಣಿಯಲ್ಲಿ ಬಸ್ಸು ಬದಲಾಯಿಸಿ ಪೆರಿಯಕುಳ ಸೇರಿದಾಗ ಕೋರ್ಟು ಇನ್ನೂ ತೆರೆದಿರಲಿಲ್ಲ. ಅರ್ಜಿ ಬರೆಯುವವರು ಪಕ್ಕದ ಬೀದಿಯ ತಮ್ಮ ಮನೆಯ ತಿಣ್ಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಬಡಕಲು ಮುದುಕ, ಕಿವಿಯ ಮೇಲೆ ಪೆನ್ಸಿಲು. ಅಜ್ಜಿ ಎಲ್ಲ ಹೇಳಿದಳು. ಅವರು ನಡುವೆ ಕೇಳಿದ್ದು ಎರಡೇ ಪ್ರಶ್ನೆ. ಕೋರ್ಟಿನಿಂದ ಯಾವುದಾದರೂ ಕಾಗದ ಬಂದಿದೆಯೇ? ಇಲ್ಲ. ಕೊಟ್ಟ ದುಡ್ಡಿಗೆ ರಸೀತಿ ಇದೆಯೇ? ಇಲ್ಲ. ತಟ್ಟೆಯಲ್ಲಿಟ್ಟು ಕೊಟ್ಟೆವು ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ತಟ್ಟೆ ನಿಮ್ಮ ಭಕ್ತಿ ಅಮ್ಮಾ. ರಸೀತಿ ನಿಮ್ಮ ಹಕ್ಕು. ಒಂದು ಕೊಟ್ಟರೆ ಇನ್ನೊಂದು ಬಿಡಬೇಕು ಅಂತ ಯಾರು ಹೇಳಿದರು?"

ಆಮೇಲೆ ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಬಾಕಿಯ ದುಡ್ಡು ಕೇಳಲಿ, ಅದಕ್ಕೆ ಅಡ್ಡಿಯಿಲ್ಲ. ಕೊಡದಿದ್ದರೆ ಆಸ್ಪತ್ರೆಯವರು ಕೋರ್ಟಿಗೆ ಹೋಗಬೇಕು. ಕೋರ್ಟು ಆಜ್ಞೆ ಮಾಡಿದ ಮೇಲೆ, ಮೊಹರು ಹಾಕಿದ ಕಾಗದ ಹಿಡಿದು ಕೋರ್ಟಿನ ಅಮೀನನೇ ಜಪ್ತಿಗೆ ಬರಬೇಕು, ಇವನಲ್ಲ. ಆ ಅಮೀನನೂ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಹೆಂಡತಿಯ ತಾಳಿ ಮುಟ್ಟುವಂತಿಲ್ಲ. ಬೇಸಾಯಕ್ಕೆ ಬೇಕಾದ ನೇಗಿಲು, ಎತ್ತು, ಬಿತ್ತನೆ ಕಾಳನ್ನೂ ಮುಟ್ಟುವಂತಿಲ್ಲ. ಹೋಗು ಅಂದ ಮೇಲೂ ಮನೆಯ ತಿಣ್ಣೆಯಲ್ಲಿ ಕೂತು ಹೆದರಿಸಿದರೆ ಪೊಲೀಸಿಗೆ ಬರೆದುಕೊಡಬಹುದು. ಇನ್ನು ಮುಂದೆ ಅವನ ಕೈಗೆ ಕಾಸು ಕೊಡಬೇಡಿ. ಲೆಕ್ಕ ಕೇಳಿ ಆಸ್ಪತ್ರೆಗೇ ರಿಜಿಸ್ಟರ್ ಪತ್ರ ಹಾಕಿ, ಬಾಕಿ ನಿಜವಾಗಿ ಇದ್ದರೆ ಮನಿಯಾರ್ಡರ್ ಮಾಡಿ, ಪೋಸ್ಟಾಫೀಸಿನ ಚೀಟಿ ಇಟ್ಟುಕೊಳ್ಳಿ.

ನಾನು ಒಂದೊಂದನ್ನೂ ಬಾಯಿಪಾಠ ಮಾಡಿಕೊಂಡೆ. ಅವರು ಪತ್ರ ಬರೆದುಕೊಟ್ಟರು, ತಮ್ಮ ಕೂಲಿ ತೆಗೆದುಕೊಂಡರು, ಕೇಳುವ ಮೊದಲೇ ಅದಕ್ಕೊಂದು ರಸೀತಿ ಹರಿದು ನನ್ನ ಕೈಗಿಟ್ಟರು. ನನ್ನ ಬದುಕಿನ ಮೊದಲ ರಸೀತಿ ಅದು. ಅಲ್ಲೇ ಅಂಚೆಗೆ ಹಾಕಿ ಬಸ್ಸು ಹತ್ತಿದೆವು. ತೇಣಿ ದಾಟಿದ ಮೇಲೆ ಅಜ್ಜಿ, "ಕಾನೂನು ಸರಿ ಕಣ್ ಕೂಸೆ. ಆದ್ರೂ ಹಸ್ದೋನ್ ಕುಂತಿದ್ರೆ ನಿಮ್ಮಪ್ಪ ಉಣ್ಣಾಕಿಲ್ಲ" ಅಂದಳು. ನನ್ನ ಉತ್ಸಾಹವೆಲ್ಲ ಜರ್ರನೆ ಇಳಿದುಹೋಯಿತು. ಅದು ನಿಜವಾಗಿತ್ತು. ಪೊಲೀಸು ಬಂದು ಎಬ್ಬಿಸಿಕೊಂಡು ಹೋದರೂ ಅಪ್ಪ, ಪಾಪ ಹಸಿದು ಹೋದ ಎಂದು ತಾಟು ಸರಿಸುವ ಮನುಷ್ಯ.

ಕಂಬಂ ಬಸ್ ನಿಲ್ದಾಣದಲ್ಲಿ ಇಳಿದಾಗ ಹನ್ನೆರಡು ಹೊಡೆದಿತ್ತು. ಎದುರಿಗೊಂದು ಊಟದ ಹೋಟೆಲು. ಬಾಗಿಲಿಗೆ ನೇರವಾಗಿ ಬೆಂಚಿನ ಮೇಲೆ, ಬಾಳೆಲೆಯ ಮುಂದೆ ಕೂತಿದ್ದ, ಅವನೇ! ಕಪ್ಪು ಚೀಲ ತೊಡೆಯ ಮೇಲೆ. ಸಾಂಬಾರಿನ ಅನ್ನ ಮುಗಿಸಿ, ರಸಕ್ಕೆ ಇನ್ನಷ್ಟು ಅನ್ನ ಕೇಳುತ್ತಿದ್ದ. ಅಯ್ಯೋ ಪಾಪಿ, ಇಷ್ಟು ದಿನ ಹೊಟ್ಟೆ ಬಿರಿಯ ತಿಂದು ಬಂದು ನಮ್ಮ ಅಪ್ಪನನ್ನು ಉಪವಾಸ ಕೆಡವಿದೆಯಾ! ಒಳಗೆ ನುಗ್ಗಿ ಆ ಎಲೆಯನ್ನೇ ಎತ್ತಿ ಅವನ ತಲೆಗೆ ಕವುಚಬೇಕು ಎಂದು ಹೊರಟೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಮುದುಕಿಗೆ ಅಷ್ಟು ಶಕ್ತಿ ಎಲ್ಲಿತ್ತೋ.

"ಉಂಬೋನ್ನ ಎಬ್ಬಿಸ್ಬಾರ್ದು. ಉಣ್ಲಿ ಬಿಡು. ಚೆಂದಾಗ್ ಉಣ್ಲಿ" ಅಂದಳು. ಜಟಕಾ ಹಿಡಿದು ಅವನಿಗಿಂತ ಮೊದಲು ಮನೆ ಸೇರಿದೆವು.

ಅರ್ಧ ಗಂಟೆಯಲ್ಲಿ ಅವನೂ ಬಂದ. ತಿಣ್ಣೆ ಕೊಡವಿದ, ಕೂತ, ನಿಟ್ಟುಸಿರು ಬಿಟ್ಟ. ಅವ್ವ ನೀರಿನ ಚೊಂಬು ತಂದಳು, ಅವನು ಕೈಯಲ್ಲೇ ಬೇಡ ಅಂದ. ಅಪ್ಪ ಒಳಗೆ ಕಂಬಕ್ಕೆ ಒರಗಿದ್ದರು, ಮುಂದೆ ಕಲಸಿದ ಅನ್ನ. ಅಜ್ಜಿ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಹೋಗಿ ಅವನ ಎದುರಿಗೆ ಕೂತಳು.

"ಹಸಿವಾ ತಂಬಿ?" ಅಂದಳು, ತಮ್ಮನನ್ನು ಕೇಳುವಷ್ಟು ಮೆತ್ತಗೆ.

"ಬೆಳಗಿನಿಂದ ಹೊಟ್ಟೆಗೆ ಒಂದು ತೊಟ್ಟು ನೀರಿಲ್ಲ ಪಾಟ್ಟಿ" ಅಂದ, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ.

"ಎಲ್ಲಿ, ಬಲಗೈ ಕೊಡು."

ಆಶೀರ್ವಾದಕ್ಕೋ ಏನೋ ಅಂದುಕೊಂಡು ಅವನು ಕೈ ಚಾಚಿದ. ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದು ಮೂಸಿದಳು. ಮತ್ತೊಂದು ಸಲ ಮೂಸಿದಳು. ಆಮೇಲೆ ಒಳಕ್ಕೆ ತಿರುಗಿ ಕನ್ನಡದಲ್ಲಿ ಕೂಗಿ ಹೇಳಿದಳು: "ಲೋ ಮಗ, ಇವ್ನು ಉಂಡವ್ನೆ. ರಸದಾಗ ಇಂಗು ಜಾಸ್ತಿ ಆಗದೆ. ನೀನು ಉಣ್ಣು."

ಅವನು ಕೈ ಕಿತ್ತುಕೊಂಡು ಎದ್ದ. ಮುಖ ಕಪ್ಪಾಗಿತ್ತು. ಎತ್ತು, ಪಾತ್ರೆ, ಜಪ್ತಿ ಎಂದು ಅದೇ ರಾಗ ತೆಗೆದ. ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದವಳು ನಾನು, ಬಾಗಿಲಿಗೆ ಅಡ್ಡ ನಿಂತೆ. ಕೋರ್ಟಿನ ಕಾಗದ ಎಲ್ಲಿ? ಅಮೀನ ಎಲ್ಲಿ? ಎತ್ತು, ನೇಗಿಲು, ಪಾತ್ರೆ ಮುಟ್ಟಲಿಕ್ಕೆ ಅಮೀನನಿಗೇ ಅಧಿಕಾರವಿಲ್ಲ, ನಿನಗೆ ಯಾರು ಕೊಟ್ಟರು? ಮೂರು ಕಂತಿನ ರಸೀತಿ ತಂದಿದ್ದೀಯಾ? ಲೆಕ್ಕ ಕೇಳಿ ಆಸ್ಪತ್ರೆಗೆ ರಿಜಿಸ್ಟರ್ ಹೋಗಿದೆ, ಗೊತ್ತೇನು? ತಮಿಳಿನಲ್ಲಿ, ಬೀದಿಗೆಲ್ಲ ಕೇಳುವಂತೆ, ಅವನ ಗಂಟಲಿಗಿಂತ ಒಂದು ಗೇಣು ಎತ್ತರದಲ್ಲೇ ಕೇಳಿದೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ರಿಜಿಸ್ಟರ್ ಅಂದಾಗ ಅವನ ಕಣ್ಣು ಒಮ್ಮೆ ಅತ್ತಿತ್ತ ಓಡಿತು.

ಆ ಪತ್ರದ ಕತೆ ಇಲ್ಲೇ ಮುಗಿಸಿಬಿಡುತ್ತೇನೆ. ಎರಡು ವಾರಕ್ಕೆ ಆಸ್ಪತ್ರೆಯಿಂದ ಉತ್ತರ ಬಂತು. ಅವರ ಪುಸ್ತಕದಲ್ಲಿ ಎರಡು ಕಂತು ಏರಿತ್ತು, ಮೂರನೆಯದು ಇರಲಿಲ್ಲ. ಬಡ್ಡಿಯ ಮಾತೇ ಇರಲಿಲ್ಲ. ಆ ಒಂದು ಕಂತನ್ನು ನಾವು ಮತ್ತೊಮ್ಮೆ, ಹಲ್ಲು ಕಚ್ಚಿಕೊಂಡು, ಮನಿಯಾರ್ಡರಿನಲ್ಲಿ ಕಟ್ಟಿದೆವು. ಸಾಕ್ಷಿಯಿಲ್ಲದೆ ಕೊಟ್ಟ ತಪ್ಪಿಗೆ ದಂಡ ಎಂದುಕೊಂಡೆವು. ಅವನು ನಮ್ಮ ಬೀದಿಗೆ ಮತ್ತೆ ಬರಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಅವನಿನ್ನೂ ಅಂಗಳದಲ್ಲಿ ನಿಂತು ಬಯ್ಯುತ್ತಿದ್ದ, "ನಿನ್ನ ಅಪ್ಪನನ್ನು ಹೊರಗೆ ಕರಿ, ಗಂಡಸಿನ ಹತ್ತಿರ ಮಾತಾಡ್ತೀನಿ" ಎನ್ನುತ್ತಿದ್ದ. ನಾನು ಹಿಂದಕ್ಕೆ ತಿರುಗಿ ನೋಡಿದೆ. ಅಪ್ಪ ತಾಟನ್ನು ಎತ್ತಿಕೊಂಡು ಬರುತ್ತಿದ್ದರು. ನಡೆಯುವುದಕ್ಕೇ ಆಯಾಸವಿತ್ತು, ಅವ್ವ ಹಿಂದೆ ಮಜ್ಜಿಗೆ ಪಾತ್ರೆ ಹಿಡಿದಿದ್ದಳು. ಅಪ್ಪ ಹೊಸ್ತಿಲು ದಾಟಿ, ಅವನು ಎದ್ದುಹೋದ ಜಾಗದಲ್ಲೇ, ತಿಣ್ಣೆಯ ಮೇಲೆ, ಬೀದಿಗೆ ಮುಖ ಮಾಡಿ ಕೂತರು. ಒಂದು ತುತ್ತು ಬಾಯಿಗಿಟ್ಟರು. ಮೆಲ್ಲಗೆ ಅಗಿದು ನುಂಗಿದರು.

"ಇರಪ್ಪ" ಎಂದರು ಅವನಿಗೆ. "ಉಂಡು ಮುಗಿಸ್ತೀನಿ. ಆಮೇಲೆ ಮಾತಾಡೋಣ."