ಗರಡಿಮನೆಯ ಮಣ್ಣು ಮತ್ತು ನನ್ನ ಎದೆಯ ಅಳತೆ

ಈ ಬರಹವನ್ನು ಓದುವ ಮಹನೀಯರ ಸನ್ನಿಧಿಗೆ ಸವಿನಯ ಅರಿಕೆ ಏನೆಂದರೆ, ಕಾಗುಣಿತದಲ್ಲಿಯೂ ಕೈಬರಹದಲ್ಲಿಯೂ ಕಾಣುವ ದೋಷಗಳಿಗೆ ಮೊದಲೇ ಕ್ಷಮೆ ಬೇಡುತ್ತೇನೆ. ಕಚೇರಿಯ ಪತ್ರಗಳ ಹೊರತು ನಾನು ಈವರೆಗೆ ಏನನ್ನೂ ಬರೆದವನಲ್ಲ. ಒಂದು ಕಾಲಕ್ಕೆ ನನ್ನ ಅಕ್ಷರ ದುಂಡಾಗಿತ್ತು. ಅದು ಕೆಟ್ಟದ್ದರ ಕಾರಣವನ್ನು ಕೆಳಗೆ ನಿವೇದಿಸಿದ್ದೇನೆ.

ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ನಾನು ಹಂಗಾಮಿ ಕಾರಕೂನನಾಗಿದ್ದೆನು. ಕಾಯಂ ಆಗಲು ಡಾಕ್ಟರರ ದಾಖಲೆ ಅವಶ್ಯವಿತ್ತು. ಡಾಕ್ಟರರು ನನ್ನ ಎದೆಗೆ ಅಳತೆಪಟ್ಟಿ ಸುತ್ತಿ, ಎರಡು ಇಂಚು ಕಡಿಮೆಯಿದೆಯೆಂದೂ, ಆರು ತಿಂಗಳೊಳಗೆ ತುಂಬಿಸಿಕೊಂಡು ಬರದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬೇಕೆಂದೂ ತಿಳಿಸಿದರು. ಆಗ ನನ್ನ ಮದುವೆಯಾಗಿ ಒಂದು ವರ್ಷ. ಮಾವನವರಿಗೆ ನಾನು ಕಾಯಂ ನೌಕರನೆಂದೇ ಹೇಳಲಾಗಿತ್ತು.

ಸದರಿ ಎರಡು ಇಂಚುಗಳ ಸಲುವಾಗಿ ನಮ್ಮ ಓಣಿಯ ಹಿಂದಿನ ಗರಡಿಮನೆಗೆ ಸೇರಿದೆನು.

ಆ ಮನೆಗೆ ಕಿಟಕಿ ಇರಲಿಲ್ಲ. ಬಾಗಿಲು ಎಷ್ಟು ಗಿಡ್ಡವೆಂದರೆ ಬಗ್ಗಿಯೇ ಇಳಿಯಬೇಕು. ಕುಸ್ತಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆಯ ರಸ ಕಲಸಿದ್ದರು. ಅದರ ಮೇಲೆ ಎಷ್ಟೋ ವರ್ಷಗಳ ಬೆವರು ಇಳಿದಿತ್ತು. ಒಳಗೆ ಹೋದೊಡನೆ ಕೆಟ್ಟ ಮೊಸರಿನ ಗಡಿಗೆಯಲ್ಲಿ ತಲೆ ತುರುಕಿದಂತಾಗುತ್ತಿತ್ತು. ಗೋಡೆಯ ಗೂಟಗಳಿಗೆ ಹಸಿ ಲಂಗೋಟಿಗಳು ಜೋತುಬಿದ್ದಿರುತ್ತಿದ್ದವು. ಮಣ್ಣಿನಲ್ಲಿ ಕೂದಲು ಸಿಕ್ಕುತ್ತಿದ್ದವು. ಒಮ್ಮೆ ಯಾರದೋ ಕಾಲಿನ ಇಡೀ ಉಗುರು ಸಿಕ್ಕಿತು. ಅದೇ ಮಣ್ಣನ್ನು ಪ್ರತಿಯೊಬ್ಬನೂ ಹಣೆಗೆ ಹಚ್ಚಿಕೊಂಡೇ ಸಾಮು ಆರಂಭಿಸತಕ್ಕದ್ದು.

ಕುಸ್ತಿಗೆ ನನಗೆ ಜೋಡಿಯಾದವರು ಸಾಲೆಯ ಮಾಸ್ತರರು. ವಿದ್ಯಾವಂತರು, ಸಭ್ಯರು. ಆದರೆ ಗರಡಿಯಲ್ಲಿ ಅವರು ಮೂಗು ಸೀನಿ, ಬೆರಳನ್ನು ಮಣ್ಣಿಗೆ ಒರೆಸಿ, ಅದೇ ಕೈಯಿಂದ ನನ್ನ ಕುತ್ತಿಗೆ ಹಿಡಿಯುತ್ತಿದ್ದರು. ನನ್ನನ್ನು ಕೆಳಗೆ ಹಾಕಿ ಮೇಲೆ ಕುಳಿತಾಗ ಅವರ ಗದ್ದದಿಂದ ಬೆವರು ತೊಟ್ಟಿಕ್ಕಿ ನೇರವಾಗಿ ನನ್ನ ಬಾಯೊಳಗೆ ಬಿದ್ದ ಸಂಗತಿಯನ್ನು ಇಷ್ಟು ವರ್ಷಗಳ ಮೇಲೆ ಬರೆಯುವಾಗಲೂ ನಾಲಗೆ ಉಪ್ಪಾಗುತ್ತದೆ. ಆ ದಿನ ಮನೆಗೆ ಹೋಗಿ ಸೀಗೆಪುಡಿ ಹಚ್ಚಿ ಮೂರು ಸಲ ಸ್ನಾನ ಮಾಡಿದೆನು. ಹೆಂಡತಿ ತಾಟು ಇಟ್ಟು ದೂರ ಸರಿದಳು.

“ಇನ್ನೂ ಹೋಗಿಲ್ರೀ ನಾತ. ನೀವು ಪಡಸಾಲ್ಯಾಗ ಉಣ್ರಿ” ಎಂದಳು.

ಮರುದಿನ ನಾನು ಗರಡಿಗೆ ಹೋಗಲಿಲ್ಲ.

ಆ ಗರಡಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದು ದಿನ ತಪ್ಪಿಸಿದವನು ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಗಟ್ಟಿಯಾದ ಮಣ್ಣನ್ನೆಲ್ಲ ಗುದ್ದಲಿಯಿಂದ ಅಗೆದು ಸಡಿಲು ಮಾಡಬೇಕು. ಎಲ್ಲರೂ ಈ ಶಿಕ್ಷೆಗೆ ಅಂಜುತ್ತಿದ್ದರು. ನಾನೂ ಅಂಜುತ್ತಲೇ ಹೋಗಿ, ಮೂಗಿಗೆ ಕರ್ಪೂರದ ಅರಿವೆ ಕಟ್ಟಿಕೊಂಡು ಅಗೆದೆನು. ಮೈಗೆ ಮೈ ತಾಗಿಸುವವರು ಯಾರೂ ಇರಲಿಲ್ಲ. ನೆಲಕ್ಕೆ ಕೈಯೂರಿ ದಂಡ ಹೊಡೆಯುವಾಗ ನೂರಾದರೂ ಇನ್ನೂ ನೂರು ಉಳಿದಿರುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇಲ್ಲಿ ಅಗೆದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದು ಎದುರಿಗೇ ಇತ್ತು. ಮೂಲೆಯ ಕೊನೆಯ ಹೆಂಟೆ ಒಡೆದಾಗ ನನಗೆ ಸಮಾಧಾನವಾಯಿತು.

ಅಂದಿನಿಂದ ನಾನು ಬೇಕೆಂದೇ ದಿನ ಬಿಟ್ಟು ದಿನ ತಪ್ಪಿಸತೊಡಗಿದೆನು. ತಪ್ಪಿಸಿದ ಮರುದಿನ ಅಗೆದು, ಉಳಿದವರು ಬರುವಷ್ಟರಲ್ಲಿ ಕಚೇರಿಯ ನೆವ ಹೇಳಿ ಹೊರಡುತ್ತಿದ್ದೆನು. ಎರಡು ತಿಂಗಳು ಹೀಗೆಯೇ ನಡೆಯಿತು. ಅಂಗಿಯ ಗುಂಡಿಗಳು ಬಿಗಿಯಾಗುತ್ತಿದ್ದವು.

ಒಂದು ಬೆಳಿಗ್ಗೆ ನಮಗೆ ಸಾಮು ಕಲಿಸುತ್ತಿದ್ದ ವಸ್ತಾದರು ಬೇಗನೆ ಬಂದು ಬಾಗಿಲಲ್ಲಿ ನಿಂತರು.

“ಏನ್ರಿ ರಾಯರ, ಚಳಿಜ್ವರ ಬಂದಂಗ ದಿನಾ ಬಿಟ್ಟು ದಿನಾ ತಪ್ಪಸ್ತೀರಲ್ಲ?”

“ಕಚೇರಿ ಕೆಲಸ ಭಾಳ ಇರ್ತದ್ರಿ.”

“ಮೂಗಿಗೆ ಕಟ್ಟಿದ ಅರಿವಿನೂ ಕಚೇರಿದೇನು?”

ನಾನು ಅದನ್ನು ಬಿಚ್ಚಿದೆನು.

“ನಾಳಿಂದ ನಿಮಗ ಅಗಿಯೋದು ಮಾಫಿ. ಮಾಸ್ತರ ಜೋಡಿ ಕುಸ್ತಿ ಹಿಡೀರಿ. ಮತ್ತ ತಪ್ಪಿಸಿದ್ರ ಗರಡಿ ಬಿಡ್ರಿ” ಎಂದರು.

ಡಾಕ್ಟರರು ಕೊಟ್ಟ ಅವಧಿಯಲ್ಲಿ ಇನ್ನು ಮೂರೇ ತಿಂಗಳು ಉಳಿದಿದ್ದವು. ಮಾವನವರ ಮುಖ ಕಣ್ಣೆದುರು ಬಂತು, ಮಾಸ್ತರರ ಗದ್ದವೂ ಬಂತು.

“ವಸ್ತಾದರ, ಖರೇ ಹೇಳ್ತೇನ್ರಿ. ನನಗ ಹೇಸಿಗಿ ಬರ್ತದ.”

“ಯಾರ್ದು?”

“ಎಲ್ಲಾರ್ದೂ ಬರ್ತದ್ರಿ.”

“ನಂದೂ?”

ನಾನು ಎದುರಿಗಿದ್ದ ಒಂದು ಹೆಂಟೆಯನ್ನು ಗುದ್ದಲಿಯಿಂದ ಒಡೆದೆನು. ವಸ್ತಾದರು ಹೊರಗೆ ಇಣುಕಿ ನೋಡಿ ದನಿ ತಗ್ಗಿಸಿದರು.

“ಮಾಸ್ತರದು ನನಗೂ ಬರ್ತದ. ಅವರಿಗೆ ಹೇಳಬ್ಯಾಡ್ರಿ. ಕುಸ್ತಿ ಬ್ಯಾಡ, ಅಗೀರಿ, ಆದ್ರ ದಿನಾ ಬಂದು ಅಗೀರಿ. ಶಿಕ್ಷಾ ತಪ್ಪೀತಂತ ಉಳದವರು ನಿಮ್ಮನ್ನ ಹೊತ್ತು ಕುಣೀತಾರ.”

ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ನಾತ ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾದೀತು. ಪ್ರತಿ ಬೆಳಿಗ್ಗೆ ಮೊದಲ ಗುದ್ದಲಿ ಬಿದ್ದೊಡನೆ ಬಾಗಿಲಿಗೆ ಹೋಗಿ ಹೊರಗಿನ ಗಾಳಿ ಕುಡಿದು ಬರುತ್ತಿದ್ದೆನು.

ಆರು ತಿಂಗಳು ತುಂಬಿದ ದಿನ ಅಗೆದು, ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಡಾಕ್ಟರರ ಎದುರಿಗೆ ಹಾಜರಾದೆನು. ಅವರು ಅಳತೆಪಟ್ಟಿ ಹಿಡಿದು ಹತ್ತಿರ ಬಂದವರು ತಟ್ಟನೆ ಮುಖ ತಿರುಗಿಸಿದರು.

“ಏನ್ರೀ ಇದು, ಮೈಮ್ಯಾಲೆ ಮಜ್ಜಿಗಿ ಗಡಿಗಿ ಒಡಕೊಂಡೀರೇನು?”

ಕೈ ದೂರ ಚಾಚಿ, ಉಸಿರು ಬಿಗಿಹಿಡಿದು ಅಳತೆ ಮಾಡಿದರು. ಅಳತೆ ಸರಿಯಾಗಿತ್ತು. ಸಹಿ ಮಾಡುವುದಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆದುಕೊಂಡರು. ಬೆರಳ ಸಂದುಗಳನ್ನು ಉಜ್ಜುವಾಗ ಅವರ ಮುಖದಲ್ಲಿ, ಮಾಸ್ತರರನ್ನು ಕುರಿತು ನಾನು ತೋರುತ್ತಿದ್ದ ಮುಖಭಾವವನ್ನೇ ಕಂಡೆನು. ನನ್ನ ಬಗ್ಗೆಯೇ ನನಗೆ ಹೇಸಿಗೆಯಾದದ್ದು ಆಗಲೇ.

ನಾನು ಕಾಯಂ ಆದೆನು. ಆದರೆ ಗುದ್ದಲಿ ಹಿಡಿದು ಅಂಗೈ ಜಡ್ಡುಗಟ್ಟಿ, ಬೆರಳು ಬಿರುಸಾಗಿ, ಲೇಖನಿ ಹಿಡಿತಕ್ಕೆ ಬಾರದಾಯಿತು. ಕಾಯಂ ಆದ ಮೊದಲ ವಾರವೇ ಹಿರಿಯ ಕಾರಕೂನರು ನನ್ನ ಪತ್ರವನ್ನು ಬೆಳಕಿಗೆ ಹಿಡಿದು, ಜಡ್ಡುಗಟ್ಟಿದ ಅಂಗೈಯನ್ನೂ ನೋಡಿ, “ಇದನ್ನ ಬರದವರು ನೀವೋ, ನಿಮ್ಮ ಗುದ್ದಲಿಯೋ?” ಎಂದು ವಿಚಾರಿಸಿದರು. ಮರುದಿನ ಬೆಳಿಗ್ಗೆ ಎಂದಿನಂತೆ ಅಗೆಯಲು ಹೋದೆನು.

ಇಂದು ಬೆಳಿಗ್ಗೆಯೂ ಅಗೆದು ಬಂದೇ ಇದನ್ನು ಬರೆದಿದ್ದೇನೆ. ಆದಕಾರಣ ಓದುವ ಮಹನೀಯರು ಇದರಲ್ಲಿ ಕಂಡ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ, ಓದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಕಾಗದಕ್ಕೆ ವಾಸನೆಯೇನಾದರೂ ಹತ್ತಿದ್ದರೆ ಅದನ್ನು ತಿದ್ದುವ ಉಪಾಯ ನನಗೆ ತಿಳಿಯದು.